ನೀರು ಮ್ಯಾಲಿಂದ ಬರತೈತಿ: ಬೆದರಿಕೆಯ ಭಾಷೆ ಮತ್ತು ನಮ್ಮ ವಿಮರ್ಶೆ

ಕನ್ನಡ ದಲಿತ ಸಾಹಿತ್ಯದ ಚರಿತ್ರೆ ಬರೆಯುವವರು ಸಾಮಾನ್ಯವಾಗಿ 1973ರಿಂದ ಶುರುಮಾಡುತ್ತಾರೆ. ಆ ವರ್ಷದ ನವೆಂಬರಿನಲ್ಲಿ ಮೈಸೂರಿನಲ್ಲಿ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದ ಬಹುಪಾಲನ್ನು ಬೂಸಾ ಎಂದರು. ಗಲಾಟೆಯಾಯಿತು, ದಲಿತ ವಿದ್ಯಾರ್ಥಿಗಳ ಮೇಲೆ ಹಲ್ಲೆಗಳಾದವು, ಅವರ ಮಂತ್ರಿಗಿರಿ ಹೋಯಿತು. ಅಲ್ಲಿಂದ ಮುಂದೆ ದಲಿತ ಸಂಘರ್ಷ ಸಮಿತಿ, ‘ಹೊಲೆಮಾದಿಗರ ಹಾಡು’, ಬಂಡಾಯ. ದೇವನೂರ ಮಹಾದೇವರ ‘ದ್ಯಾವನೂರು’ ಬಂದದ್ದೂ ಅದೇ 1973ರಲ್ಲಿ. ನಾನೂ ವರ್ಷಾನುಗಟ್ಟಲೆ ಕಾಲೇಜಿನಲ್ಲಿ ಇದನ್ನೇ ಪಾಠ ಮಾಡಿದ್ದೇನೆ. ಆ ಪಾಠ ಮಾಡುವಾಗ ಮೇಷ್ಟ್ರಿಗೂ ಹುಡುಗರಿಗೂ ಒಂದು ಥರದ ಹುರುಪು ಬರುತ್ತದೆ, ಸುಳ್ಳು ಹೇಳಬಾರದು.

ಅದೇ 1973ರಲ್ಲಿ ನಮ್ಮ ಸೀಮೆಯ ಸಂಡೂರಿನಲ್ಲಿ ಒಂದು ಭೂ ಹೋರಾಟ ನಡೆಯಿತು. ಕುಮಾರಸ್ವಾಮಿ ಗುಡಿಯ ಹೆಸರಿನ ಇನಾಮು ಜಮೀನನ್ನು ತಲೆತಲಾಂತರದಿಂದ ಉಳುತ್ತಿದ್ದ ಗೇಣಿದಾರರು, ಉಳುವವರಿಗೇ ಹೊಲ ಕೊಡಿ ಎಂದು ಸಮಾಜವಾದಿಗಳ ಜೊತೆ ಸೇರಿ ಸತ್ಯಾಗ್ರಹಕ್ಕೆ ಕೂತರು. ಜೈಲಿಗೂ ಹೋದರು. ಆಗ ದೇವರಾಜ ಅರಸರ ಸರ್ಕಾರ. ಬೂಸಾ ಎಂದ ಬಸವಲಿಂಗಪ್ಪನವರು ಆ ಮಂತ್ರಿಮಂಡಲದಲ್ಲಿದ್ದರು. ಸಂಡೂರು ರಾಜಮನೆತನದ ಎಂ.ವೈ. ಘೋರ್ಪಡೆಯವರು ಅದೇ ಮಂತ್ರಿಮಂಡಲದ ಹಣಕಾಸು ಸಚಿವರು. ಒಂದೇ ವರ್ಷ, ಒಂದೇ ಸರ್ಕಾರ, ಎರಡು ಜಗಳ. ಒಂದು ಪುಸ್ತಕಗಳ ಬಗ್ಗೆ, ಇನ್ನೊಂದು ಹೊಲದ ಬಗ್ಗೆ. ನಮ್ಮ ವಿಮರ್ಶೆ ಪುಸ್ತಕದ ಜಗಳವನ್ನು ತನ್ನ ಹುಟ್ಟಿದ ದಿನ ಎಂದು ಗುರುತು ಹಾಕಿಕೊಂಡಿತು. ಹೊಲದ ಜಗಳ ನಮ್ಮ ಸಿಲೆಬಸ್ಸಿಗೆ ಬರಲೇ ಇಲ್ಲ. ಹೊಸಪೇಟೆಯಲ್ಲಿ ಹುಟ್ಟಿ ಬೆಳೆದ ನನ್ನ ವಿದ್ಯಾರ್ಥಿಗಳಿಗೆ ಮೈಸೂರಿನ ಬೂಸಾ ಗೊತ್ತಿತ್ತು, ಬಸ್ಸು ಹತ್ತಿದರೆ ಒಂದು ಗಂಟೆಯೊಳಗೆ ಸಿಗುವ ಸಂಡೂರು ಗೊತ್ತಿರಲಿಲ್ಲ. ನನಗೂ ತಡವಾಗಿಯೇ ಗೊತ್ತಾಯಿತು ಅನ್ನುವುದನ್ನು ಒಪ್ಪಿಕೊಂಡೇ ಈ ಮಾತು ಬರೆಯುತ್ತಿದ್ದೇನೆ.

ಹೋಲಿಕೆಗೆ ಕಾಗೋಡು ನೋಡಿ. 1951ರ ಆ ಗೇಣಿದಾರರ ಹೋರಾಟಕ್ಕೆ ಲೋಹಿಯಾ ಬಂದು ಬಂಧನಕ್ಕೊಳಗಾದರು, ಮುಂದೆ ಜಿ. ರಾಜಶೇಖರರಂಥ ಸಾಹಿತ್ಯ ವಿಮರ್ಶಕರೇ ಕೂತು ಅದರ ಚರಿತ್ರೆ ಬರೆದರು. ಸಂಡೂರಿಗೆ ಆ ಭಾಗ್ಯ ಬಹಳ ಕಾಲ ಇರಲಿಲ್ಲ. ಅರುಣ್ ಜೋಳದಕೂಡ್ಲಿಗಿಯವರು ‘ಸಂಡೂರು ಭೂ ಹೋರಾಟ’ ಎಂಬ ಪುಸ್ತಕ ಮಾಡಿದರು, ಅವರು ಜಾನಪದದ ಕಡೆಯಿಂದ ಬಂದವರು. ದಲಿತ ವಿಮರ್ಶಕರೆಂದು ಹಣೆಪಟ್ಟಿ ಕಟ್ಟಿಕೊಂಡ ನಾವು ಯಾರೂ ಮಾಡಲಿಲ್ಲ.

ಸಂಡೂರಿನ ಕಥೆಯಲ್ಲಿ ನನ್ನನ್ನು ಬಹಳ ಕಾಡಿದ್ದು ಇನ್ನೊಂದು ವರ್ಷ: 1932. ಆ ವರ್ಷ ಸಂಡೂರು ಸಂಸ್ಥಾನ ತನ್ನ ದೇವಸ್ಥಾನಗಳನ್ನು ಅಸ್ಪೃಶ್ಯರಿಗೆ ತೆರೆಯಿತು. ತಿರುವಾಂಕೂರಿನ ಹೆಸರಾಂತ ಘೋಷಣೆಗಿಂತ ನಾಲ್ಕು ವರ್ಷ ಮೊದಲು. ಗಾಂಧಿಯವರ ಮೆಚ್ಚುಗೆಯೂ ಸಿಕ್ಕಿತು. ಇದು ಸಣ್ಣ ಕೆಲಸವಲ್ಲ, ಹೀಗಳೆಯುವ ಉದ್ದೇಶ ನನಗಿಲ್ಲ. (ಕುಮಾರಸ್ವಾಮಿ ಗುಡಿಯ ಸಂಪ್ರದಾಯ ಹೆಣ್ಣುಮಕ್ಕಳನ್ನು ಒಳಗೆ ಬಿಡದ್ದು. ಹಾಗಾಗಿ ‘ದಲಿತರಿಗೆ ತೆರೆಯಿತು’ ಎನ್ನುವಾಗ ದಲಿತ ಗಂಡಸರಿಗೆ ಎಂದು ಓದಿಕೊಳ್ಳಬೇಕು. ಈ ತಿದ್ದುಪಡಿಯನ್ನು ನನಗೆ ಹೇಳಿದ್ದು ನನ್ನ ಹೆಂಡತಿ.) ಆದರೆ ಅದೇ ಗುಡಿಯ ಹೆಸರಿನ ಜಮೀನಿಗೆ ಸಂಬಂಧಪಟ್ಟಂತೆ ಸಂಡೂರು ಪ್ರದೇಶಕ್ಕೆಂದೇ ಪ್ರತ್ಯೇಕ ಇನಾಂ ರದ್ದತಿ ಕಾನೂನು ಬಂದದ್ದು 1976ರಲ್ಲಿ. ಗುಡಿಯ ಬಾಗಿಲಿಗೂ ಗುಡಿಯ ಹೊಲಕ್ಕೂ ನಡುವೆ 44 ವರ್ಷ. ಬಾಗಿಲು ತೆರೆದದ್ದು ಒಬ್ಬ ದೊರೆಯ ಅಪ್ಪಣೆಯಿಂದ. ಹೊಲ ಬಿಟ್ಟುಕೊಟ್ಟದ್ದು ಜನ ಜೈಲಿಗೆ ಹೋದ ಮೇಲೆ. ನಮ್ಮ ಸಾಹಿತ್ಯದಲ್ಲಿ ಗುಡಿಯ ಬಾಗಿಲು ಎಷ್ಟು ಸಲ ಬಂದಿದೆ, ಬಾವಿಯ ಕಟ್ಟೆ ಎಷ್ಟು ಸಲ ಬಂದಿದೆ, ಹೋಟೆಲಿನ ಲೋಟ ಎಷ್ಟು ಸಲ ಬಂದಿದೆ ಎಂದು ಎಣಿಸಿ ನೋಡಿ. ಆಮೇಲೆ ಹೊಲದ ಬದು ಎಷ್ಟು ಸಲ ಬಂದಿದೆ ಎಂದು ಎಣಿಸಿ. ಬಂದದ್ದನ್ನೂ ನಾವು ಓದಿದ ಬಗೆ ಬೇರೆ.

‘ಚೋಮನ ದುಡಿ’ಯನ್ನೇ ತೆಗೆದುಕೊಳ್ಳಿ. ಕಾರಂತರ ಆ ಕಾದಂಬರಿ ಬಂದದ್ದು 1933ರಲ್ಲಿ, ಸಂಡೂರಿನ ಗುಡಿ ತೆರೆದ ಮರುವರ್ಷ. ಚೋಮನಿಗೆ ಬೇಕಾಗಿರುವುದು ಒಂದೇ, ತಾನೂ ಬೇಸಾಯಗಾರನಾಗುವುದು. ಎತ್ತು ಸಾಕಿದ್ದಾನೆ, ಹೊಲ ಇಲ್ಲ. ಇಷ್ಟು ಸರಳವಾದ ಆಸೆಯ ಮೇಲೆ ನಮ್ಮ ವಿಮರ್ಶಕರು ಎಷ್ಟು ಪುಟ ಬರೆದರು! ದುಡಿಯ ಸಾಂಕೇತಿಕತೆ, ವಿಧಿಯ ಕ್ರೌರ್ಯ, ಮತಾಂತರದ ದ್ವಂದ್ವ, ಕೊನೆಯಲ್ಲಿ ದುಡಿಯ ಸದ್ದಿನ ಅಸ್ತಿತ್ವವಾದ. ಚೋಮ ಒಡೆಯನ ಅಂಗಳಕ್ಕೆ ಹೋಗಿ ಹೊಲ ಕೇಳುತ್ತಾನಲ್ಲ, ಆ ಕೇಳುವಿಕೆಯನ್ನು ನಿಂತು ಓದಿದವರು ಕಡಿಮೆ. ಅಲ್ಲಿ ಒಡೆಯ ಕೆಟ್ಟವನಲ್ಲ. ಅವನಿಗೆ ಕನಿಕರವಿದೆ. ‘ಇಲ್ಲ’ ಎನ್ನುವುದು ಅವನ ಬಾಯಿಂದ ನೇರವಾಗಿ ಬರುವುದಿಲ್ಲ. ಮನೆಯ ಹಿರಿಯಳಿಂದ, ನಡಕೊಂಡು ಬಂದ ಪದ್ಧತಿಯಿಂದ ಬರುತ್ತದೆ. ನಿರಾಕರಣೆಗೆ ಕರ್ತೃವೇ ಇಲ್ಲದ ಹಾಗೆ ಆಗುತ್ತದೆ. ಬಿ.ವಿ. ಕಾರಂತರ ಸಿನಿಮಾ 1975ರಲ್ಲಿ ಬಂದು ರಾಷ್ಟ್ರ ಪ್ರಶಸ್ತಿ ಪಡೆಯಿತು. ಆ ಹೊತ್ತಿಗೆ ಊರೂರಲ್ಲಿ ಚೋಮಂದಿರು ಏಳನೇ ನಮೂನೆಯ ಅರ್ಜಿ ಹಿಡಿದು ತಾಲೂಕು ಕಚೇರಿಯ ಮುಂದೆ ನಿಂತಿದ್ದರು. ಸಿನಿಮಾದ ವಿಮರ್ಶೆಗಳಲ್ಲಿ ಆ ಸಾಲು ಕಾಣಿಸಲಿಲ್ಲ.

ಆ ಸಾಲಿನಲ್ಲಿ ನಮ್ಮ ತಾತನೂ ಇದ್ದ. ಈಗ ಆ ಕಥೆಗೆ ಬರುತ್ತೇನೆ.

ನಮ್ಮೂರು ಕಂಪ್ಲಿ ಕಡೆಯದು. ಹೆಸರು ಬರೆಯುವುದಿಲ್ಲ, ಇನ್ನೂ ನಮ್ಮವರು ಅಲ್ಲಿ ಬಾಳೇವು ಮಾಡಬೇಕು. (ವಿಮರ್ಶೆಯ ಲೇಖನದಲ್ಲೂ ಊರ ಹೆಸರು ಬರೆಯಲಾಗದ್ದನ್ನು ಓದುಗರು ಈ ಲೇಖನದ ಒಂದು ಪುರಾವೆ ಎಂದೇ ತೆಗೆದುಕೊಳ್ಳಬಹುದು.) ತುಂಗಭದ್ರೆಯ ಹೊಸ ಅಣೆಕಟ್ಟು 1953ರಲ್ಲಿ ನೀರು ಬಿಡುವುದಕ್ಕೂ ಮುಂಚೆಯೇ ನಮ್ಮ ಕಡೆ ನೀರಾವರಿ ಇತ್ತು. ವಿಜಯನಗರದ ಕಾಲದ ಕಾಲುವೆಗಳು: ಹಂಪಿಯ ತುರ್ತು ಕಾಲುವೆ, ಈ ಕಡೆ ರಾಮಸಾಗರ ಕಾಲುವೆ, ಕಂಪ್ಲಿ ಕಾಲುವೆ. ಕಬ್ಬು, ಬಾಳೆ, ನೆಲ್ಲು. ನಮ್ಮ ತಾತ ನೀರಗಂಟಿ. ಯಾರ ಹೊಲಕ್ಕೆ ಯಾವ ಹೊತ್ತಿಗೆ ಎಷ್ಟು ನೀರು ಎಂಬುದು ಅವನ ಸಲಿಕೆಯ ತುದಿಯಲ್ಲಿತ್ತು. ಬೇಸಿಗೆಯ ರಾತ್ರಿ ತೂಬಿನ ಹತ್ತಿರ ಕಂಬಳಿ ಹೊದ್ದು ಮಲಗುತ್ತಿದ್ದ. ಆ ಚಾಕರಿಗೆ ಕೊಟ್ಟದ್ದು ಮಾನ್ಯದ ಹೊಲ, ಎರಡು ಎಕರೆ ಚಿಲ್ಲರೆ, ಕಾಲುವೆಯ ಕೊನೆಯಲ್ಲಿ.

ಈ ‘ಮಾನ್ಯ’ ಎಂಬ ಶಬ್ದದ ಮೇಲೆ ಒಂದು ಮಾತು. ಸಭೆಯಲ್ಲಿ ‘ಮಾನ್ಯರೇ’ ಅನ್ನುತ್ತೇವೆ. ನಮ್ಮ ಸೀಮೆಯ ರೆವಿನ್ಯೂ ಭಾಷೆಯಲ್ಲಿ ಮಾನ್ಯ ಎಂದರೆ ಚಾಕರಿಗೆ ಬದಲಾಗಿ ಬಿಟ್ಟ ಜಮೀನು: ತಳವಾರ ಮಾನ್ಯ, ತೋಟಿ ಮಾನ್ಯ, ನೀರಗಂಟಿ ಮಾನ್ಯ. ಊರಲ್ಲಿ ಯಾರಿಗೆ ಮಾನ ಇಲ್ಲವೋ ಅವರ ಹೊಲಕ್ಕೆ ಈ ಹೆಸರು. ಡಿಕ್ಷನರಿಯವರು ಎರಡೂ ಅರ್ಥ ಕೊಟ್ಟು ಸುಮ್ಮನಾಗುತ್ತಾರೆ.

ಮಾನ್ಯದ ಹೊಲದ ಜೊತೆಗೆ ತಾತ ಊರಿನ ಒಬ್ಬ ದೊಡ್ಡವರ ಮೂರು ಎಕರೆಯನ್ನು ಕೋರಿಗೆ ಮಾಡುತ್ತಿದ್ದ. ಕಾಗದ ಇಲ್ಲ, ಬಾಯಿಮಾತು. ಬೆಳೆದದ್ದರಲ್ಲಿ ಅರ್ಧ ಅವರಿಗೆ. 1974ರ ಮಾರ್ಚ್ 1ರಿಂದ ಭೂ ಸುಧಾರಣೆಯ ತಿದ್ದುಪಡಿ ಜಾರಿಗೆ ಬಂತು, ಉಳುವವನೇ ಹೊಲದೊಡೆಯ ಅಂತ ಊರಲ್ಲೆಲ್ಲ ಗುಲ್ಲಾಯಿತು. ಏಳನೇ ನಮೂನೆಯಲ್ಲಿ ಅರ್ಜಿ ಹಾಕಿದವರಿಗೆ ಹೊಲ. ಅರ್ಜಿ ಹಾಕುವ ಗಡುವು ಮೇಲಿಂದ ಮೇಲೆ ಮುಂದೆ ಹೋಗಿ 1979ರ ಜೂನ್ ತನಕ ಬಂತು. ತಾತ ಹಾಕಿದ. ಯಾರೋ ಶಾಲೆ ಮೇಷ್ಟ್ರು ಬರೆದುಕೊಟ್ಟರು.

ಆಮೇಲೆ ನಡೆದದ್ದನ್ನು ಬೆದರಿಕೆ ಅನ್ನಬೇಕೋ ಬೇಡವೋ ಎಂದು ನನಗೆ ಬಹಳ ದಿನ ಗೊಂದಲವಿತ್ತು. ಯಾರೂ ಹೊಡೆಯಲಿಲ್ಲ, ಬೈಯಲಿಲ್ಲ. ಅಪ್ಪ ಹೇಳುವ ಪ್ರಕಾರ ಒಂದು ಸಂಜೆ ಆ ದೊಡ್ಡವರು ಕಾಲುವೆಯ ಮೇಲೆ ಅಡ್ಡಾಡುತ್ತಾ ಬಂದು, ತಾತನ ಮಾನ್ಯದ ಹೊಲದ ಹತ್ತಿರ ನಿಂತು, ನೆಲ್ಲು ಚೆಂದ ಬಂದೈತಲ್ಲೋ ಅಂದರಂತೆ. ಬೀಡಿ ಕೊಟ್ಟರಂತೆ. ಆಮೇಲೆ, “ಏನ ಮಾಡಿದ್ರೂ ನೀರು ಮ್ಯಾಲಿಂದ ಬರತೈತಿ ನೋಡು” ಅಂದು ಹೋದರಂತೆ.

ಅಷ್ಟೆ. ನೀರು ಮೇಲಿಂದ ಬರುತ್ತದೆ. ಇದರಲ್ಲಿ ತಪ್ಪೇನಿದೆ? ಭೂಗೋಳದ ಪಾಠ. ಹೊಲಗಾಲುವೆ ಅವರ ಗದ್ದೆಯ ಒಳಗಿಂದ ಹಾದು ತಾತನ ಹೊಲಕ್ಕೆ ಬರುತ್ತಿತ್ತು ಎಂಬುದು ಗೊತ್ತಿದ್ದವರಿಗೆ ಮಾತ್ರ ಆ ವಾಕ್ಯ ಬೇರೆ. ಊರಿಗೆಲ್ಲ ನೀರು ಹಂಚುವವನಿಗೇ ಈ ಮಾತು. ಮೂರು ಎಕರೆ ಕೇಳಿದರೆ ಎರಡು ಎಕರೆ ಒಣಗುತ್ತದೆ ಎಂದು ಅವರು ಹೇಳಲಿಲ್ಲ. ನಾನು ನೀರು ಕಟ್ಟುತ್ತೇನೆ ಎಂದೂ ಹೇಳಲಿಲ್ಲ. ವಾಕ್ಯದಲ್ಲಿ ‘ನಾನು’ ಇಲ್ಲ, ‘ನೀನು’ ಇಲ್ಲ. ಕರ್ತೃ ನೀರು. ಪೊಲೀಸ್ ಠಾಣೆಯಲ್ಲಿ ಇದನ್ನು ಬರೆಸಲು ಹೋದರೆ ಪೇದೆ ನಗುತ್ತಾನೆ.

ಇಂಥ ವಾಕ್ಯಗಳನ್ನು ನಾನು ಆಮೇಲೆ ಕೂಡಿಡತೊಡಗಿದೆ. ಹೊಸಪೇಟೆ, ಸಂಡೂರು, ಕಂಪ್ಲಿ, ಸಿರುಗುಪ್ಪ ಕಡೆಯ ಕೇರಿಗಳಲ್ಲಿ ಕೇಳಿದವು. “ಊರಾಗ ಇರಬೇಕಲ್ಲ.” “ನಿನ ಮಕ್ಕಳೂ ದೊಡ್ಡವಾಗ್ಯಾವು.” “ಕೋರ್ಟು ದೂರ ಐತಪಾ, ಬಸ್ ಚಾರ್ಜ್ ಜಾಸ್ತಿ.” “ನಾವು ಏನೂ ಅನ್ನಂಗಿಲ್ಲ, ಹುಡುಗ್ರು ಕೇಳಾಂಗಿಲ್ಲ.” ಗಮನಿಸಿ, ಎಲ್ಲವೂ ಕಾಳಜಿಯ ಧಾಟಿಯಲ್ಲಿವೆ. ಕೆಲವಂತೂ ಬುದ್ಧಿಮಾತು. ಕೊನೆಯದರಲ್ಲಿ ಬೆದರಿಸುವವನು ತಾನೇ ಅಸಹಾಯಕನಾಗುತ್ತಾನೆ. ನಮ್ಮ ಜನಪದ ವಿದ್ವಾಂಸರು ಗಾದೆ, ಒಗಟು, ಒಡಪು, ಬೈಗುಳ ಎಂದು ಪ್ರಕಾರಗಳನ್ನು ವಿಂಗಡಿಸಿದ್ದಾರೆ. ಬೈಗುಳಕ್ಕೂ ಪಿಎಚ್‌ಡಿ ಆಗಿದೆ. ಬೆದರಿಕೆ ಎಂಬ ಪ್ರಕಾರಕ್ಕೆ ಮಾತ್ರ ಅಧ್ಯಾಯ ಇಲ್ಲ. ಯಾಕೆಂದರೆ ಸಂಗ್ರಹಕ್ಕೆ ಹೋದವರು ಕೇಳಿದ್ದು ಹಾಡುವವರನ್ನು. ಇದನ್ನು ಹಾಡುವುದಿಲ್ಲ. ಇದು ಕಿವಿಯಲ್ಲಿ ಉಳಿಯುತ್ತದೆ, ಬಾಯಿಗೆ ಬರುವುದಿಲ್ಲ. ಬೈಗುಳವನ್ನು ತಿಂದವನು ಮರುದಿನ ಗುಡಿಸಲ ಮುಂದೆ ಕೂತು ಅದನ್ನು ಹೇಳಿಕೊಳ್ಳುತ್ತಾನೆ, ನಕ್ಕೋ ಅತ್ತೋ. ಬೆದರಿಕೆಯನ್ನು ಕೇಳಿದವನು ಹೆಂಡತಿಗೂ ಹೇಳುವುದಿಲ್ಲ. ತಾತ ಅಜ್ಜಿಗೆ ಹೇಳಿರಲಿಲ್ಲ. ಅಪ್ಪ ಅವತ್ತು ಅಲ್ಲೇ ಬದುವಿನ ಮರೆಯಲ್ಲಿ ಇದ್ದದ್ದರಿಂದ ನಮಗೆ ಉಳಿಯಿತು.

ದಲಿತ ಸಾಹಿತ್ಯವನ್ನು ನಾವು ಆಕ್ರೋಶದ ಸಾಹಿತ್ಯ ಎಂದು ಓದಿದೆವು. ಆಕ್ರೋಶಕ್ಕೆ ಧ್ವನಿ ಇದೆ, ಲಯ ಇದೆ, ವೇದಿಕೆಯಲ್ಲಿ ಓದಬಹುದು. ಆಕ್ರೋಶದಲ್ಲಿ ಎದುರಾಳಿ ಕಾಣಿಸುತ್ತಾನೆ: ಬೈದವನು, ಹೊಡೆದವನು, ಹೊರಗೆ ನಿಲ್ಲಿಸಿದವನು. ನೀರು ಮ್ಯಾಲಿಂದ ಬರತೈತಿ ಅಂದವನ ಮೇಲೆ ಆಕ್ರೋಶದ ಪದ್ಯ ಬರೆಯುವುದು ಹೇಗೆ? ಅವನು ಬೀಡಿ ಕೊಟ್ಟಿದ್ದಾನೆ. ಮೊದಲ ತಲೆಮಾರಿನ ನಮ್ಮ ಕವಿಗಳಿಗೆ ಇದು ಗೊತ್ತಿರಲಿಲ್ಲ ಎಂದು ನಾನು ಹೇಳುತ್ತಿಲ್ಲ. ಅವರೆಲ್ಲ ಇಂಥ ಮನೆಗಳಿಂದಲೇ ಬಂದವರು. ಸಂಘಟನೆಯಾಗಿ ದಸಂಸ ನಾಗಸಂದ್ರದಲ್ಲಿ, ಸಿದ್ಲಿಪುರದಲ್ಲಿ ಭೂಮಿಗಾಗಿಯೇ ಬೀದಿಗಿಳಿಯಿತು. ಕಾರ್ಯಕರ್ತರಿಗೆ ಹೊಲದ ಲೆಕ್ಕ ಗೊತ್ತಿತ್ತು. ವಿಮರ್ಶಕರಾದ ನಾವು, ಸಂವೇದನೆ, ಪ್ರಜ್ಞೆ, ಅಸ್ಮಿತೆ ಎಂದು ವಿಶ್ವವಿದ್ಯಾಲಯದ ಮಾತು ಕಲಿತವರು, ಆ ಲೆಕ್ಕವನ್ನು ‘ಸಾಮಾಜಿಕ ಹಿನ್ನೆಲೆ’ ಎಂಬ ಮೊದಲ ಅಧ್ಯಾಯಕ್ಕೆ ತಳ್ಳಿ ಎರಡನೇ ಅಧ್ಯಾಯದಿಂದ ಸಾಹಿತ್ಯ ಶುರುಮಾಡಿದೆವು.

ತಾತನ ಕಥೆ ಮುಗಿದಿಲ್ಲ. ಕೆಲವು ವರ್ಷಗಳ ಹಿಂದೆ ಆ ಹಳೆಯ ಅರ್ಜಿಯ ನಕಲು ತೆಗೆಸಬೇಕೆಂದು ಹೊರಟೆ. ಕಂಪ್ಲಿ ಆಗ ಹೊಸಪೇಟೆ ತಾಲೂಕಿನಲ್ಲಿತ್ತು, ಆಮೇಲೆ ಬೇರೆ ತಾಲೂಕಾಯಿತು. 2021ರಲ್ಲಿ ಹೊಸಪೇಟೆ ವಿಜಯನಗರ ಜಿಲ್ಲೆಯ ಕೇಂದ್ರವಾಯಿತು, ಕಂಪ್ಲಿಯೂ ಸಂಡೂರೂ ಬಳ್ಳಾರಿಯಲ್ಲೇ ಉಳಿದವು. ತಾತನ ಹೆಬ್ಬೆಟ್ಟು ಒಂದು ಜಿಲ್ಲೆಯಲ್ಲಿ, ಅವನ ಹೊಲ ಇನ್ನೊಂದು ಜಿಲ್ಲೆಯಲ್ಲಿ. ಪುಣ್ಯಕ್ಕೆ ನಾನು ನಕಲು ತೆಗೆಸಿದ್ದು ಜಿಲ್ಲೆ ಒಡೆಯುವ ಮೊದಲು, ಅಪ್ಪ ಇನ್ನೂ ಬದುಕಿದ್ದಾಗ.

ಭೂ ನ್ಯಾಯಮಂಡಳಿ ಅಂದರೆ ಅಸಿಸ್ಟೆಂಟ್ ಕಮಿಷನರ್ ಅಧ್ಯಕ್ಷರು, ಸರ್ಕಾರ ನೇಮಿಸಿದ ಸದಸ್ಯರು, ಅವರಲ್ಲಿ ಒಬ್ಬರಾದರೂ ಪರಿಶಿಷ್ಟರು. ಕಾಗದದ ಮೇಲೆ ಅಚ್ಚುಕಟ್ಟಾದ ವ್ಯವಸ್ಥೆ. ಎಷ್ಟೋ ಕಡೆ ಅದರಿಂದ ಬಡವರಿಗೆ ಹೊಲ ಸಿಕ್ಕಿದೆ, ಅರಸು ಹೆಸರು ಹೇಳಿ ದೀಪ ಹಚ್ಚುವ ಮನೆಗಳು ನನಗೆ ಗೊತ್ತು. ಆದರೆ ಗೇಣಿ ಬಾಯಿಮಾತಿನದಾದರೆ ಸಾಕ್ಷಿಯೂ ಬಾಯಿಮಾತಿನದೇ ಆಗಬೇಕು. ಯಾರು ಹೇಳಬೇಕು? ಅಕ್ಕಪಕ್ಕದ ಹೊಲದವರು. ಅವರಿಗೂ ನೀರು ಮೇಲಿಂದಲೇ ಬರುತ್ತಿತ್ತು. ಕೂಲಿಗೆ ಹೋಗುತ್ತಿದ್ದ ನಮ್ಮ ಕೇರಿಯ ಬಹುಪಾಲು ಜನ ಗೇಣಿದಾರರೇ ಅಲ್ಲವಾದ್ದರಿಂದ ಅವರು ಈ ಕಾನೂನಿನ ಹೊರಗೇ ಉಳಿದರು. ಒಳಗೆ ಕಾಲಿಟ್ಟ ಒಬ್ಬ ನಮ್ಮ ತಾತ.

ನಕಲಿನಲ್ಲಿ ಅವನ ಹೇಳಿಕೆ ಇದೆ. ಏಳು ಸಾಲು. ಸದರಿ ಜಮೀನಿನಲ್ಲಿ ತಾನು ಕೂಲಿಯಾಳಾಗಿ ಕೆಲಸ ಮಾಡಿದ್ದು, ಗೇಣಿದಾರನಾಗಿರುವುದಿಲ್ಲವೆಂದೂ, ತಿಳಿವಳಿಕೆಯ ಕೊರತೆಯಿಂದ ಅರ್ಜಿ ಸಲ್ಲಿಸಿದ್ದು, ಯಾರ ಒತ್ತಾಯವೂ ಇಲ್ಲದೆ ತನ್ನ ಸ್ವಖುಷಿಯಿಂದ ಅರ್ಜಿಯನ್ನು ಹಿಂದಕ್ಕೆ ಪಡೆಯುತ್ತಿರುವುದಾಗಿಯೂ. ಕೆಳಗೆ ಹೆಬ್ಬೆಟ್ಟು. ಓದಿ ಹೇಳಲಾಗಿ ಸರಿ ಎಂದು ಒಪ್ಪಿದ್ದಾನೆ.

ಇದನ್ನು ನಾನು ಅಪ್ಪನಿಗೆ ಓದಿ ಹೇಳಿದೆ. ಅಪ್ಪ ಅಕ್ಷರ ಕಲಿತವನಲ್ಲ. ಒಂದು ಸಲ ಕೇಳಿ, ಇನ್ನೊಂದ್ಸಲ ಓದು ಅಂದ. ಓದಿದೆ. “ಇದು ನಮ್ಮಪ್ಪನ ಮಾತಲ್ಲ,” ಅಂದ. ನಾನು, ಹೆಬ್ಬೆಟ್ಟು ಐತಲ್ಲ ಅಂದೆ. “ಹೆಬ್ಬೆಟ್ಟು ಆತಂದು. ಮಾತು ಆತಂದಲ್ಲ. ಸ್ವಖುಷಿ ಅಂಬೋ ಮಾತು ಆತನ ಬಾಯಾಗ ಯಾವತ್ತೂ ಬಂದಿಲ್ಲ. ಆತ ಖುಷಿ ಅಂಬೋದನ್ನೇ ಅಂತಿರಲಿಲ್ಲ, ಹಿಗ್ಗು ಅಂತಿದ್ದ. ಸದರಿ ಅಂದ್ರೇನೋ?”

ನಾನು ಎಂ.ಎ.ದಲ್ಲಿ ಗ್ರಂಥಸಂಪಾದನೆ ಓದಿದವನು. ಪಂಪನ ಪದ್ಯದಲ್ಲಿ ಯಾವುದು ಪ್ರಕ್ಷಿಪ್ತ, ಯಾವುದು ಮೂಲ ಎಂದು ಶೈಲಿಯ ಆಧಾರದಿಂದ ಹೇಗೆ ಹೇಳಬೇಕೆಂಬುದು ಪರೀಕ್ಷೆಗೆ ಬರುತ್ತಿತ್ತು. ಅಕ್ಷರವಿಲ್ಲದ ಅಪ್ಪ ಎರಡು ನಿಮಿಷದಲ್ಲಿ ಆ ಕೆಲಸ ಮಾಡಿದ. ಆ ಪಠ್ಯದಲ್ಲಿ ತಾತನದ್ದು ಹೆಬ್ಬೆಟ್ಟಿನ ಶಾಯಿ ಮಾತ್ರ. ಉಳಿದದ್ದೆಲ್ಲ ಪ್ರಕ್ಷಿಪ್ತ. ‘ಯಾರ ಒತ್ತಾಯವೂ ಇಲ್ಲದೆ’ ಎಂಬ ಮಾತು ಇದ್ದಲ್ಲೆಲ್ಲ ಒತ್ತಾಯವನ್ನು ಹುಡುಕಬೇಕು ಎಂಬ ಸೂತ್ರವನ್ನು ಆವತ್ತಿನಿಂದ ಇಟ್ಟುಕೊಂಡಿದ್ದೇನೆ. ಒತ್ತಾಯ ಇಲ್ಲದವನು ಒತ್ತಾಯ ಇಲ್ಲ ಎಂದು ಯಾಕೆ ಹೇಳುತ್ತಾನೆ?

ಹಂಪಿಯ ಸುತ್ತ ಬೆಳೆದವರಿಗೆ ಶಾಸನ ಓದುವ ಹುಚ್ಚು ಸ್ವಲ್ಪ ಇರುತ್ತದೆ. ದಾನಶಾಸನಗಳ ಕೊನೆಯಲ್ಲಿ ಶಾಪಾಶಯ ಬರುತ್ತದೆ: ದಾನದ ಭೂಮಿಯನ್ನು ಕಿತ್ತುಕೊಂಡವನು ಅರವತ್ತು ಸಾವಿರ ವರ್ಷ ಅಮೇಧ್ಯದಲ್ಲಿ ಹುಳುವಾಗಿ ಹುಟ್ಟುತ್ತಾನೆ ಎಂಬ ಅರ್ಥದ್ದು. ಕಾಶಿಯಲ್ಲಿ ಗೋವು ಕೊಂದ ಪಾಪವೂ ಬರುತ್ತದೆ. ವಿದ್ವಾಂಸರು ಇದನ್ನು ಸಾಂಪ್ರದಾಯಿಕ ಮುಕ್ತಾಯ ಎಂದು ಕರೆದು ಅನುವಾದದಲ್ಲಿ ಬಿಟ್ಟುಬಿಡುವುದೂ ಉಂಟು. ನನಗನ್ನಿಸುವಂತೆ ಕನ್ನಡ ನೆಲದಲ್ಲಿ ಹೊಲಕ್ಕಾಗಿ ಬರೆದಿಟ್ಟ ಬೆದರಿಕೆಯ ಹಳೆಯ ಪಠ್ಯ ಇದೇ. ಆದರೆ ಇದು ಬಹಿರಂಗದ ಬೆದರಿಕೆ. ಕಲ್ಲಿನ ಮೇಲಿದೆ, ಸೂರ್ಯಚಂದ್ರರು ಸಾಕ್ಷಿ, ಯಾರ ಹೊಲ, ಚತುಸ್ಸೀಮೆ ಯಾವುದು, ಕಿತ್ತುಕೊಂಡರೆ ಏನಾಗುತ್ತದೆ ಎಲ್ಲ ಸ್ಪಷ್ಟ. ಅದು ಹೊಲ ಉಳ್ಳವನ ಪರವಾಗಿ ಆಡಿದ ಬೆದರಿಕೆ. 1970ರ ದಶಕದ ಕಾನೂನು ಮೊದಲ ಸಲ ಉಳುವವನ ಪರವಾಗಿ ಅಂಥ ಒಂದು ಕಲ್ಲು ನೆಟ್ಟಿತು. ಆಗ ಹಳೆಯ ಬೆದರಿಕೆ ಕಲ್ಲಿನಿಂದ ಇಳಿದು ಕಾಲುವೆಯ ಮೇಲೆ ಅಡ್ಡಾಡತೊಡಗಿತು. ಕೆರೆ ಕಾಲುವೆ ಕಾಯುವವರಿಗೆ ಕೊಟ್ಟ ಕಟ್ಟುಕೊಡಗೆಯ ಶಾಸನಗಳೂ ಇವೆ. ನೀರಗಂಟಿಯ ಪೂರ್ವಜರು ಅಲ್ಲೆಲ್ಲೋ ಇರಬೇಕು. ಹೆಸರಿನಿಂದ ಹುಡುಕುವಂತಿಲ್ಲ.

ಮಾನ್ಯದ ಹೊಲ ಉಳಿಯಿತೇ ಎಂದು ಕೇಳುತ್ತೀರಿ. ಮೂರು ಎಕರೆಯ ಆಸೆ ಬಿಟ್ಟದ್ದಕ್ಕೆ ಎರಡು ಎಕರೆಗೆ ನೀರು ಬಂತು, ತಾತ ಸಾಯುವ ತನಕ. ಅಪ್ಪನ ಕಾಲದಲ್ಲಿ ಅತ್ತೆಯ ಆಸ್ಪತ್ರೆ ಖರ್ಚಿಗೆ ಒಂದು ಎಕರೆ ಹೋಯಿತು, ಬೆಲೆ ಕೊಂಡವರೇ ಹೇಳಿದ್ದು. 1978ರ ಪಿಟಿಸಿಎಲ್ ಕಾನೂನು, ಅಂದರೆ ಪರಿಶಿಷ್ಟರಿಗೆ ಮಂಜೂರಾದ ಜಮೀನಿನ ಪರಭಾರೆ ನಿಷೇಧದ ಕಾನೂನು, ನಮಗೆ ದಕ್ಕೀತೇ ಎಂದು ವಕೀಲರೊಬ್ಬರ ಹತ್ತಿರ ಹೋದೆ. ಅವರು ಪುಸ್ತಕ ತೆಗೆದು ‘ಮಂಜೂರಾದ ಜಮೀನು’ ಎಂಬುದರ ವ್ಯಾಖ್ಯೆಯ ಮೇಲೆ ಬೆರಳಿಟ್ಟರು. ಭೂ ಸುಧಾರಣೆಯಲ್ಲಿ ಸಿಕ್ಕದ್ದು ಸೇರುತ್ತದೆ, ಇನಾಂ ರದ್ದತಿಯಲ್ಲಿ ಸಿಕ್ಕದ್ದು ಸೇರುತ್ತದೆ. ವಂಶಪಾರಂಪರ್ಯ ಹುದ್ದೆ ಮತ್ತು ಹಕ್ಕುಗಳಿಗೆ ಸಂಬಂಧಿಸಿದ್ದನ್ನು ಹೊರತುಪಡಿಸಿ. ಹೊರತುಪಡಿಸಿ! ನಾಲ್ಕು ತಲೆಮಾರು ರಾತ್ರಿ ನಿದ್ದೆಗೆಟ್ಟು ತೂಬು ಕಾದು ಗಳಿಸಿದ ನೆಲ ಆ ಒಂದು ಪದದ ಆಚೆ ಬಿತ್ತು. ಸರ್ಕಾರ ಕೊಟ್ಟದ್ದು ಮಂಜೂರಾತಿ, ನೀವು ದುಡಿದು ಪಡೆದದ್ದು ಮಂಜೂರಾತಿ ಅಲ್ಲ, ಎಂದು ಆ ವಕೀಲರು ಬಿಡಿಸಿ ಹೇಳಿದರು. ಒಳ್ಳೆಯ ಮನುಷ್ಯ, ಫೀಸು ತೆಗೆದುಕೊಳ್ಳಲಿಲ್ಲ. ತಡವಾಗಿ ಬಂದ ಅರ್ಜಿಗಳು ನಿಲ್ಲುವುದಿಲ್ಲ ಎಂದು 2017ರಲ್ಲಿ ಸುಪ್ರೀಂ ಕೋರ್ಟು ಹೇಳಿದ ಮೇಲೆ, ಕಾಲಮಿತಿಯೇ ಇಲ್ಲವೆಂದು 2023ರಲ್ಲಿ ವಿಧಾನಮಂಡಲ ಆ ಕಾನೂನನ್ನು ತಿದ್ದಿತು. ದಲಿತ ಸಂಘಟನೆಗಳು ತಿಂಗಳಾನುಗಟ್ಟಲೆ ಧರಣಿ ಕೂತು ಪಡೆದ ತಿದ್ದುಪಡಿ ಅದು. ನನಗೂ ಸಂತೋಷವೇ. ಆದರೆ ಆ ‘ಹೊರತುಪಡಿಸಿ’ ಇದ್ದಲ್ಲೇ ಇದೆ.

ಇದೆಲ್ಲ ಹಳೆಯ ಕಥೆ ಎನ್ನುವವರಿಗೆ ಸಂಡೂರು ಹೊಸಪೇಟೆಯ ಗಣಿಯ ದಿನಗಳನ್ನು ನೆನಪಿಸಬೇಕು. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆ ನಿಲ್ಲಿಸುವವರೆಗೆ ನಮ್ಮ ರಸ್ತೆಗಳ ಮೇಲೆ ಲಾರಿಗಳದೇ ರಾಜ್ಯ. ಅರಣ್ಯದ ಅದಿರು ಎಲ್ಲರ ಕಣ್ಣಿಗೆ ಬಿತ್ತು. ಬಡವರ ಪಟ್ಟಾ ಹೊಲಗಳ ಮೇಲ್ಮಣ್ಣಿನಲ್ಲಿದ್ದ ಅದಿರನ್ನು ಕೆರೆದದ್ದು ಅಷ್ಟು ಬೀಳಲಿಲ್ಲ. ಜೋಳ ಬೆಳೆಯುತ್ತಿದ್ದ ಹೊಲ ಕೆಲವು ತಿಂಗಳಿಗೆ ಬಾಡಿಗೆಗೆ ಹೋಗಿ ಗುಂಡಿಯಾಗಿ ವಾಪಸು ಬಂತು. ಅಲ್ಲೂ ಒಂದು ಕಾಗದ ಇತ್ತು, ಅಲ್ಲೂ ಸ್ವಖುಷಿ ಇತ್ತು. ಪಕ್ಕದವನು ಕೊಡದಿದ್ದರೆ? “ಧೂಳು ಯಾರ ಮಾತು ಕೇಳತೈತಿ?” ಎಂದು ಒಬ್ಬ ಕಂಟ್ರಾಕ್ಟರು ಅಂದದ್ದನ್ನು ನಾನೇ ಕೇಳಿದ್ದೇನೆ. ಮೆಣಸಿನಕಾಯಿ ಗಿಡದ ಮೇಲೆ ಕೆಂಪು ಧೂಳು ಕೂತಿತ್ತು. ನೀರು ಮ್ಯಾಲಿಂದ ಬರತೈತಿ ಎಂಬ ವಾಕ್ಯದ ಅದೇ ವ್ಯಾಕರಣ. ಕರ್ತೃ ಮಾತ್ರ ನೀರಿನ ಬದಲು ಧೂಳು. ಹಂಪಿಯಲ್ಲಿ ಕರ್ತೃ ಸ್ಮಾರಕ. 2011ರ ಅದೇ ಜುಲೈ ಕೊನೆಯಲ್ಲಿ ಹಂಪಿ ಬಜಾರಿನ ಮಂಟಪಗಳಲ್ಲಿ ಬದುಕುತ್ತಿದ್ದವರ ಮನೆ, ಅಂಗಡಿ ಕೆಡವಿದಾಗ ಅಧಿಕಾರಿಗಳ ಭಾಷೆಯಲ್ಲಿ ಯಾರೂ ಯಾರನ್ನೂ ಎಬ್ಬಿಸಲಿಲ್ಲ, ಪರಂಪರೆಯ ರಕ್ಷಣೆಯಾಯಿತು. 2020ರಲ್ಲಿ ಭೂ ಸುಧಾರಣೆಯ ಕಾಯ್ದೆಯಿಂದ 79ಎ, 79ಬಿ ಕಲಮುಗಳನ್ನು ತೆಗೆದು, ಬೇಸಾಯಗಾರರಲ್ಲದವರೂ ಹೊಲ ಕೊಳ್ಳಬಹುದು ಎಂದಾಗ ಸರ್ಕಾರ ಹೇಳಿದ ಕಾರಣ ರೈತನ ಸ್ವಾತಂತ್ರ್ಯ: ಅವನು ಇಷ್ಟಬಂದವರಿಗೆ ಮಾರಬಹುದು. ಸ್ವಖುಷಿಯಿಂದ.

ಗೆಳೆಯರೊಬ್ಬರು ಈ ಲೇಖನದ ಕರಡು ಓದಿ, ಇದು ಸಮಾಜಶಾಸ್ತ್ರ ಆಯ್ತು, ಸಾಹಿತ್ಯ ವಿಮರ್ಶೆ ಎಲ್ಲಿ ಅಂದರು. ಅವರು ನವ್ಯದವರು, ಮೊದಲಿಂದಲೂ ಹೀಗೇ. ಕರ್ತೃವಿಲ್ಲದ ವಾಕ್ಯ, ಧ್ವನಿ, ಪ್ರಕ್ಷೇಪ, ಹೇಳದೆ ಉಳಿಸಿದ್ದು, ಇವೆಲ್ಲ ಅವರೇ ನಮಗೆ ಕಲಿಸಿದ ಪರಿಕರಗಳು. ಅಡಿಗರ ಪದ್ಯಕ್ಕೆ ಹಚ್ಚಿದರೆ ವಿಮರ್ಶೆ, ನಮ್ಮ ತಾತನ ಹೇಳಿಕೆಗೆ ಹಚ್ಚಿದರೆ ಸಮಾಜಶಾಸ್ತ್ರ ಹೇಗಾಗುತ್ತದೆ ಎಂದು ಕೇಳಿದೆ. ಪದ್ಯ ಬರೆದದ್ದು ಒಬ್ಬ ಕವಿ, ಹೇಳಿಕೆ ಬರೆದದ್ದು ಗುಮಾಸ್ತ ಅಂದರು. ಗುಮಾಸ್ತನ ಶೈಲಿಯಿಂದ ಮೂರು ಎಕರೆ ಹೋಯಿತು ಸ್ವಾಮೀ, ಅಷ್ಟು ಪರಿಣಾಮ ಮಾಡಿದ ಗದ್ಯ ನವ್ಯದಲ್ಲಿ ಯಾವುದಿದೆ ಅಂದೆ. ನಕ್ಕರು. ಚಹಾ ಕುಡಿದೆವು. ಅವರು ಒಪ್ಪಿಲ್ಲ.

ಅವರ ಆಕ್ಷೇಪದಲ್ಲಿ ಒಂದು ಸತ್ಯಾಂಶ ಇದೆ, ಅದನ್ನು ಮುಚ್ಚಿಡುವುದಿಲ್ಲ. ಒಂದೇ ಕಾಗದದಿಂದ, ಒಬ್ಬ ತಾತನಿಂದ, ಪ್ರಕಾರ ಕಟ್ಟಲಾಗುವುದಿಲ್ಲ. ನನ್ನ ಹತ್ತಿರ ಇರುವುದು ಹನ್ನೊಂದು ಹೇಳಿಕೆಗಳ ನಕಲು, ಬಹುಪಾಲು ನೆಂಟರವು. ಹನ್ನೊಂದರಲ್ಲಿ ಒಂಬತ್ತರಲ್ಲಿ ‘ಸ್ವಖುಷಿ’ ಇದೆ, ಎರಡರಲ್ಲಿ ‘ಸ್ವ-ಇಚ್ಛೆ’. ಹಾಗಾಗಿ ಓದುಗರಲ್ಲಿ ಒಂದು ವಿನಂತಿ. ನಿಮ್ಮ ಮನೆಯ ಟ್ರಂಕಿನಲ್ಲಿ, ಅಟ್ಟದ ಮೇಲೆ, ತಾಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿ ಏಳನೇ ನಮೂನೆಯ ಕಾಗದ, ನ್ಯಾಯಮಂಡಳಿಯ ಮುಂದಿನ ಹೇಳಿಕೆ, ರಾಜಿಪತ್ರ ಏನಿದ್ದರೂ ನಕಲು ಮಾಡಿ ಈ ಪತ್ರಿಕೆಯ ವಿಳಾಸಕ್ಕೆ ಕಳಿಸಿ. ಊರು, ಹೆಸರು, ಸರ್ವೆ ನಂಬರು ಅಳಿಸಿ ಕಳಿಸಿ. ಹೆಬ್ಬೆಟ್ಟಿನವರು ಬದುಕಿದ್ದರೆ ಅವರ ಮುಂದೆ ಎರಡು ಸಲ ಓದಿ, ಯಾವ ಮಾತು ತಮ್ಮದು ಯಾವುದು ಅಲ್ಲ ಎಂದು ಅವರು ಹೇಳಿದ್ದನ್ನು ಪಕ್ಕದಲ್ಲಿ ಬರೆಯಿರಿ. ಅವರಾಡಿದ ಭಾಷೆಯಲ್ಲೇ ಬರೆಯಿರಿ, ತಿದ್ದಬೇಡಿ.